ಮನುಷ್ಯರ ಸೇವನೆಗೆ ಯೋಗ್ಯ

ಮೀನು ಸತ್ತ ಮೇಲೆ ಎಷ್ಟು ಸಲ ಜಾತಿ ಬದಲಿಸುತ್ತದೆ ಎಂಬುದು ನನಗೆ ಧಾರವಾಡದ ಎರಡು ದಿನದ ತರಬೇತಿಯಲ್ಲಿ ತಿಳಿಯಿತು. ರಫ್ತು ಮಾಲಿನ ನಂಬರು ಪುಸ್ತಕದಲ್ಲಿ, ಜೀವಂತ ಇದ್ದಾಗ ಅದಕ್ಕೊಂದು ನಂಬರು. ಸತ್ತು ಮಂಜುಗಡ್ಡೆಯ ಮೇಲೆ ಮಲಗಿದರೆ ಇನ್ನೊಂದು. ಹೆಪ್ಪುಗಟ್ಟಿ ಕಲ್ಲಾದರೆ ಮೂರನೆಯದು, ಮುಳ್ಳು ಬಿಡಿಸಿ ಹೋಳು ಮಾಡಿದರೆ ನಾಲ್ಕನೆಯದು, ಉಪ್ಪು ಸವರಿ ಬಿಸಿಲಿಗೆ ಒಣಹಾಕಿದರೆ ಐದನೆಯದು. ಮಸಾಲೆ ಹಾಕಿ ಹುರಿದರಂತೂ ಮೂರನೇ ಅಧ್ಯಾಯದ ಮನೆಯನ್ನೇ ಬಿಟ್ಟು ಹದಿನಾರನೇ ಅಧ್ಯಾಯದಲ್ಲಿ ಸಂಸಾರ ಹೂಡುತ್ತದೆ. ನಮ್ಮ ಕುಂದಗೋಳ ತಾಲೂಕಿನ ಮನುಷ್ಯ ಹುಟ್ಟಿದ ಜಾತಿಯಲ್ಲೇ ಸತ್ತು, ಅದೇ ಜಾತಿಯ ಸ್ಮಶಾನಕ್ಕೆ ಹೋಗುತ್ತಾನೆ. ಆ ಲೆಕ್ಕದಲ್ಲಿ ಮೀನು ನಮಗಿಂತ ಬಹಳ ಮುಂದುವರಿದ ಪ್ರಾಣಿ.

ನಾನು ಸಂಗನಬಸವ. ಊರು ಯರಗುಪ್ಪಿ, ಓದಿದ್ದು ಬಿ.ಕಾಂ., ಕೆಲಸ ಗುತ್ತಿಗೆ ಮೇಲೆ ಮಾಹಿತಿ ಸಂಗ್ರಾಹಕ. ವಯಸ್ಸು ಮೂವತ್ತೆರಡು. ಗುತ್ತಿಗೆ ನೌಕರಿಯವನಿಗೆ ಹೆಣ್ಣು ಕೊಡುವ ಧೈರ್ಯ ಇನ್ನೂ ಯಾರೂ ಮಾಡಿಲ್ಲವಾದ್ದರಿಂದ ಮನೆಯಲ್ಲಿ ನಾನು ಮತ್ತು ಅವ್ವ ಮಹಾದೇವಕ್ಕ, ಇಬ್ಬರೇ. ನಮ್ಮದು ಮುಂಜಾನೆ ವಚನ ಹೇಳದೆ ಒಲೆ ಹಚ್ಚದ ಮನೆ. ಮೀನು ಹಾಗಿರಲಿ, ಮೀನಿನ ಚಿತ್ರ ಇದ್ದ ಕ್ಯಾಲೆಂಡರು ಬಂದರೆ ಅವ್ವ ಅದನ್ನು ಮಗುಚಿ ತೂಗುಹಾಕುತ್ತಾಳೆ. ಅಂಥವನನ್ನು ಹಿಡಿದು ಸರ್ಕಾರ ಸಮುದ್ರದ ಉತ್ಪನ್ನಗಳ ಸಮೀಕ್ಷೆಗೆ ಹಾಕಿತು. ತಾಲೂಕಿಗೆ ಹತ್ತಿರದ ಸಮುದ್ರ ನೂರೈವತ್ತು ಕಿಲೋಮೀಟರು ದೂರ. ಈ ಎರಡೂ ಸಂಗತಿ ಯಾರಿಗೂ ವಿಚಿತ್ರ ಅನ್ನಿಸಲಿಲ್ಲ.

ತರಬೇತಿ ಕೊಟ್ಟವರು ಎಲ್ಲ ಚೆನ್ನಾಗಿಯೇ ಬಿಡಿಸಿ ಹೇಳಿದರು. ಮಾಲು ಹೊರದೇಶಕ್ಕೆ ಹೊರಟಾಗ ಬಂದರಿನಲ್ಲಿ ಒಂದು ಕಾಗದ ಬರೆಯುತ್ತಾರೆ. ಏನು, ಎಷ್ಟು ಕಿಲೊ, ಯಾವ ದೇಶಕ್ಕೆ, ಯಾವ ನಂಬರು. ನಂಬರಿನ ಮೊದಲ ಆರು ಅಂಕಿ ಜಗತ್ತಿಗೆಲ್ಲ ಒಂದೇ, ಕೊನೆಯ ಎರಡು ನಮ್ಮ ದೇಶ ತನ್ನ ಅನುಕೂಲಕ್ಕೆ ಅಂಟಿಸಿಕೊಂಡದ್ದು. ಇಂಥ ಲಕ್ಷಗಟ್ಟಲೆ ಕಾಗದ ಒಂದು ಕಡೆ ಸೇರಿಸಿ ಕೂಡಿಸಿದರೆ ಅದೇ ಅಂಕಿಸಂಖ್ಯೆ. ನಾವು ಕಳಿಸಿದ್ದನ್ನು ನಾವು ಬರೆಯುತ್ತೇವೆ, ಅವರು ಪಡೆದದ್ದನ್ನು ಅವರು ಬರೆಯುತ್ತಾರೆ, ಎರಡೂ ಲೆಕ್ಕ ತಾಳೆಯಾದದ್ದನ್ನು ಕಂಡವರಿಲ್ಲ. ಇದರ ಜೊತೆಗೆ ಇನ್ನೊಂದು ತೊಡಕು: ಬಂದರಿನ ಕಾಗದಕ್ಕೆ ಬಂದರಷ್ಟೇ ಗೊತ್ತು, ಮಾಲು ಹುಟ್ಟಿದ ಊರು ಗೊತ್ತಿಲ್ಲ. ಅದಕ್ಕಾಗಿಯೇ ಈ ಹೊಸ ಮೂಲಸ್ಥಳ ಸಮೀಕ್ಷೆ. ಪ್ರತಿ ತಾಲೂಕಿನಲ್ಲಿ ಮಾಲು ತಯಾರಿಸುವವರ ಬಾಗಿಲಿಗೆ ಹೋಗಿ, ಟ್ಯಾಬಿನಲ್ಲಿ ಪ್ರಶ್ನೆಗೆ ಉತ್ತರ ಒತ್ತುತ್ತ ಹೋದರೆ ನಂಬರನ್ನು ಅದೇ ಕೊಡುತ್ತದೆ. ಅದರಿಂದ ಒಂದು ಮೂಲಸ್ಥಳ ಪತ್ರ ಹೊರಡುತ್ತದೆ. ಆ ಪತ್ರ ಮಾಲಿನ ಜೊತೆ ಬಂದರಿಗೆ ಹೋಗುತ್ತದೆ.

ತರಬೇತಿಗೆ ಬಂದ ಇಪ್ಪತ್ತಾರು ಜನರಲ್ಲಿ ಹತ್ತೊಂಬತ್ತು ಜನ ನಮ್ಮಂಥವರೇ. ಪರದೆಯ ಮೇಲೆ ಏಡಿಯ ಚಿತ್ರ ಬಂದಾಗ ನವಲಗುಂದದ ಒಬ್ಬ ಕಣ್ಣು ಮುಚ್ಚಿ ಶಿವ ಶಿವ ಅಂದ. ಆದರೂ ಪರೀಕ್ಷೆಯಲ್ಲಿ ನಾನು ಇಡೀ ಜಿಲ್ಲೆಗೆ ಎರಡನೆಯವನಾದೆ. ಮೀನು ತಿನ್ನದವನಿಗೆ ಮೀನಿನ ವರ್ಗೀಕರಣ ಸಲೀಸು, ಬಾಯಲ್ಲಿ ನೀರೂರಿ ಗಮನ ತಪ್ಪುವುದಿಲ್ಲ ಎಂದು ಕುಂದಗೋಳದ ನಮ್ಮ ಮೇಲ್ವಿಚಾರಕ ಕಾಶಿನಾಥ ಸರ್ ಬೆನ್ನು ತಟ್ಟಿದರು. ನಾನು ಹಿಗ್ಗಿದೆ.

ನನ್ನ ಪಾಲಿಗೆ ಬಂದ ಮೊದಲ ತಯಾರಕರು ನಮ್ಮ ಊರಿನವರೇ. ಯರಗುಪ್ಪಿಯ ಹಿಟ್ಟಿನ ಗಿರಣಿ ದಾಟಿದರೆ ಅವರ ಕೇರಿ. ನಮ್ಮ ಮನೆಯಿಂದ ಮುನ್ನೂರು ಹೆಜ್ಜೆ. ಅಲ್ಲಿ ಮಹಾಲಕ್ಷ್ಮಿ ಎಂಬ ಹೆಣ್ಣುಮಗಳು ಹನ್ನೊಂದು ಜನರ ಸಂಘ ಕಟ್ಟಿ ಒಣಮೀನಿನ ಚಟ್ನಿಪುಡಿ ಮಾಡುತ್ತಿದ್ದಳು. ಕಾರವಾರದ ಕಡೆಯಿಂದ ಒಣಮೀನು, ಒಣಸಿಗಡಿ ತರಿಸಿ, ನಮ್ಮ ಕಡೆಯ ಕೆಂಪು ಮೆಣಸಿನಕಾಯಿ, ಬಳ್ಳೊಳ್ಳಿ, ಉಪ್ಪು ಹಾಕಿ ಹುರಿದು ಕುಟ್ಟುವುದು. ಮಹಾಲಕ್ಷ್ಮಿ ಬಿ.ಎ. ಓದಿದವಳು, ಶಾಲೆಯಲ್ಲಿ ನನಗಿಂತ ಎರಡು ವರ್ಷ ಹಿಂದೆ. ಶಾರ್ಜಾದಲ್ಲಿ ಅಂಗಡಿ ಇಟ್ಟ ಕರಾವಳಿಯವರೊಬ್ಬರು ಅವಳ ಪುಡಿಯ ರುಚಿ ನೋಡಿ ಅರವತ್ತು ಕಿಲೊ ಬೇಕು ಅಂದಿದ್ದರು. ಹತ್ತು ತಿಂಗಳು ಓಡಾಡಿ ಎಲ್ಲ ಪರವಾನಗಿ ಮಾಡಿಸಿಕೊಂಡಿದ್ದಳು. ಉಳಿದದ್ದು ನನ್ನ ಪತ್ರ ಒಂದೇ.

ನಾನು ಸಂಘದ ಶೆಡ್ಡಿನ ಬಾಗಿಲವರೆಗೆ ಹೋದೆ. ಒಳಗೆ ಹೋಗಲಿಲ್ಲ. ಹೋಗಬಾರದೆಂದು ಅಲ್ಲ, ಹೋಗುವ ರೂಢಿ ಇರಲಿಲ್ಲ, ಅಷ್ಟೇ. ಒಳಗೆ ಮೀನು ಹುರಿಯುತ್ತಿದ್ದರು. ಆ ವಾಸನೆ ಹೊರಗೆ ಬಂದು ನನ್ನನ್ನು ಎದುರುಗೊಂಡ ರೀತಿಗೆ ನಾನು ಕರವಸ್ತ್ರ ತೆಗೆದು ಮೂಗಿಗೆ ಹಿಡಿದು, ಒಂದೇ ಕೈಯಲ್ಲಿ ಟ್ಯಾಬು ಒತ್ತತೊಡಗಿದೆ.

ಮೀನಿನದೇ? ಹೌದು. ಇಡೀ ಮೀನೇ? ಅಲ್ಲ. ಪುಡಿಯೇ? ಹೌದು. ಮನುಷ್ಯರ ಸೇವನೆಗೆ ಯೋಗ್ಯವೇ?

ಇಲ್ಲಿ ನಾನು ಒಂದು ಗಳಿಗೆ ನಿಂತೆ. ಪ್ರಾಮಾಣಿಕವಾಗಿ ವಿಚಾರ ಮಾಡಿದೆ. ನನ್ನ ಮೂಗು, ನನ್ನ ಅವ್ವ, ಅವ್ವನ ಅವ್ವ, ಎಲ್ಲರೂ ಒಕ್ಕೊರಲಿನಿಂದ ಇಲ್ಲ ಅಂದರು. ನಾನು ಇಲ್ಲ ಎಂದು ಒತ್ತಿದೆ. ಯಾರ ಮೇಲೂ ಸಿಟ್ಟಿರಲಿಲ್ಲ, ಕೇಡು ಬಗೆಯಲಿಲ್ಲ. ಕಾಗೆ ಕಪ್ಪು ಎಂದು ಬರೆದಷ್ಟೇ ನಿರಾಳವಾಗಿ ಒತ್ತಿದೆ. ಟ್ಯಾಬು ಹದಿನಾರನೇ ಅಧ್ಯಾಯಕ್ಕೆ ಹೋಗಬೇಕಿದ್ದ ಚಟ್ನಿಪುಡಿಯನ್ನು ಎತ್ತಿ ಇಪ್ಪತ್ಮೂರನೇ ಅಧ್ಯಾಯದಲ್ಲಿ ಇಟ್ಟಿತು. ಅದು ದನಕರುಗಳ ಮೇವಿನ ಅಧ್ಯಾಯ. ಶೇಂಗಾ ಹಿಂಡಿ ಅಲ್ಲೇ ಬಾಜೂಕ ಇರುತ್ತದೆ.

ಹನ್ನೊಂದು ದಿನ ಕಳೆದ ಮೇಲೆ, ಒಂದು ಗುರುವಾರ, ಮಹಾಲಕ್ಷ್ಮಿ ಕುಂದಗೋಳದ ನಮ್ಮ ಆಫೀಸಿಗೆ ಬಂದಳು. ನಮಸ್ಕಾರ ಹೇಳಲಿಲ್ಲ. ಕಾಗದ ಮೇಜಿನ ಮೇಲಿಟ್ಟಳು.

“ಸರ, ಈ ಸಹಿ ನಿಮ್ಮದ ಹೌದಲ್ರಿ?”

“ಹೌದವಾ.”

“ಹಂಗಾರ ಜೋರಾಗಿ ಓದ್ರಿ. ಕಾಶಿನಾಥ ಸರೂ ಕೇಳ್ಲಿ.”

ಓದಿದೆ. ಮೀನಿನ ಪುಡಿ, ಮನುಷ್ಯರ ಸೇವನೆಗೆ ಅಯೋಗ್ಯ. ಕೊನೆಯ ಶಬ್ದಕ್ಕೆ ಬರುವಾಗ ನನ್ನ ದನಿ ತಾನಾಗಿಯೇ ಸಣ್ಣದಾಯಿತು.

“ನಮ್ಮತ್ತಿ ಐವತ್ತ ವರ್ಷದಿಂದ ಇದನ್ನ ತಿಂತಾಳ್ರಿ. ನಿಮ್ಮ ಕಾಗದದ ಪ್ರಕಾರ ಒಂದೋ ಪುಡಿ ಮನುಷ್ಯಾರು ತಿನ್ನೂದಲ್ಲ, ಇಲ್ಲಾ ನಮ್ಮತ್ತಿ ಮನುಷ್ಯಾಳಲ್ಲ. ಯಾವ್ದು ಖರೆ ಹೇಳ್ರಿ, ಮನಿಗೆ ಹೋಗಿ ಅಕಿಗೆ ತಿಳಸ್ತೀನಿ.”

“ಬಟನ್ ತಪ್ಪಿ ಒತ್ತಿದ್ದಾತವಾ,” ಅಂದೆ.

“ಬಟನ್ ತಪ್ಪಿಲ್ರಿ. ನೀವು ಮೂಗಿಗೆ ಅರಬಿ ಹಿಡಕೊಂಡು, ವಿಚಾರ ಮಾಡಿ ಒತ್ತಿದ್ದನ್ನ ನಾ ಕಣ್ಣಾರೆ ನೋಡೀನಿ.”

ಸುಳ್ಳು ಹೇಳಿ ಸಿಕ್ಕಿಬಿದ್ದವನ ಕಿವಿ ಹೇಗೆ ಬಿಸಿಯಾಗುತ್ತದೆ ಎಂಬುದು ಅವತ್ತು ನನಗೆ ಅನುಭವಕ್ಕೆ ಬಂತು. ಸುದ್ದಿ ಇಷ್ಟು: ಪತ್ರ ನೋಡಿದ ಶಾರ್ಜಾದ ಅಂಗಡಿಯವರು ಫೋನು ಮಾಡಿ, ತಂಗೀ, ನನ್ನ ಗಿರಾಕಿಗಳಿಗೆ ಬಾಲ ಇಲ್ಲ, ಈ ಮಾಲು ಬೇಡ ಅಂದಿದ್ದರು. ಗೋವಾದಲ್ಲಿ ಮಾಲು ಹಡಗಿಗೆ ಹಾಕುವ ಏಜೆಂಟ ಶುಕ್ರವಾರ ಸಂಜೆ ಐದರವರೆಗೆ ತಾಳುತ್ತೇನೆ, ಅಷ್ಟರೊಳಗೆ ಪತ್ರ ತಿದ್ದಿ ಬರದಿದ್ದರೆ ಆ ಜಾಗ ಬೇರೆಯವರಿಗೆ ಕೊಡುತ್ತೇನೆ ಅಂದಿದ್ದ. ಒಮ್ಮೆ ದನದ ಮಾಲು ಎಂದು ಹೆಸರು ಬಿದ್ದರೆ ಮುಂದೆ ಈ ಸಂಘದ ಡಬ್ಬಿ ಯಾರೂ ಮುಟ್ಟುವುದಿಲ್ಲ ಎಂಬುದನ್ನೂ ಸೇರಿಸಿದ್ದ. ಹನ್ನೊಂದು ಹೆಂಗಸರ ಹತ್ತು ತಿಂಗಳ ಓಡಾಟ ಒಬ್ಬ ಸಂಗನಬಸವನ ಮೂಗಿನಿಂದಾಗಿ ಮಣ್ಣುಗೂಡುವ ಹೊತ್ತಾಗಿತ್ತು.

ಕಾಶಿನಾಥ ಸರ್ ಧಾರವಾಡಕ್ಕೆ ಫೋನು ಮಾಡಿದರು. ಹತ್ತು ನಿಮಿಷ ಹ್ಞೂಂ ಹ್ಞೂಂ ಅಂದರು. ಇಟ್ಟ ಮೇಲೆ ನನ್ನ ಕಡೆ ನೋಡಿದ ನೋಟದಲ್ಲಿ ನಗು ಇತ್ತೋ ಕನಿಕರ ಇತ್ತೋ, ಇವತ್ತಿಗೂ ಗೊತ್ತಿಲ್ಲ.

“ತಿದ್ದಾಕ ಬರತೈತಿ. ಎರಡ ದಾರಿ ಅದಾವು. ಒಂದು, ಲ್ಯಾಬ್ ರಿಪೋರ್ಟ. ಇಪ್ಪತ್ತೊಂದ ದಿನ ಬೇಕು. ಇನ್ನೊಂದು, ಪ್ರತ್ಯಕ್ಷ ಸೇವನೆ. ಅಂದ್ರ, ಮದ್ಲ ತಪ್ಪ ಬರದವನ ಹೋಗಿ, ಮನುಷ್ಯಾರು ಆ ಮಾಲು ಉಣ್ಣೂದನ್ನ ಕುಂತು ನೋಡಿ, ಸ್ಥಳದಾಗ ಫಾರ್ಮ್ ತುಂಬಬೇಕು.”

ಫಾರ್ಮು ತೆರೆದು ನೋಡಿದೆವು. ಮೊದಲ ಕಾಲಂ: ಸೇವಿಸಿದ ಜೀವಿ. ಅದರ ಕೆಳಗೆ ಆರಿಸಿಕೊಳ್ಳಲು ಐದು: ಮನುಷ್ಯ, ದನ, ಕೋಳಿ, ಮೀನು, ಇತರೆ.

ಮಹಾಲಕ್ಷ್ಮಿ ಬಗ್ಗಿ ಓದಿದಳು. “ಚೊಲೋ ಆತು ಬಿಡ್ರಿ,” ಅಂದಳು. “ನಾಳೆ ಮಧ್ಯಾಹ್ನ ಊಟದ ಹೊತ್ತಿಗೆ ಬರ್ರಿ. ನಮ್ಮತ್ತಿ ಆಧಾರ್ ಕಾರ್ಡ್ ತಗದಿಟ್ಟಿರ್ತೀನಿ. ಬಾಲ ಐತೇನಂತ ನೋಡೂದಿದ್ರ ಅದನ್ನ ನೀವ ಕೇಳ್ರಿ, ನಾ ಕೇಳಂಗಿಲ್ಲ.”

ಶುಕ್ರವಾರ ಹನ್ನೆರಡೂವರೆಗೆ ಗಿರಣಿ ದಾಟಿದೆ. ಈ ಸಲ ಶೆಡ್ಡಲ್ಲ, ಮನೆ. ಮಹಾಲಕ್ಷ್ಮಿಯ ಅತ್ತೆ ಬಸವಣ್ಣೆವ್ವ ಬಾಗಿಲಲ್ಲೇ ಇದ್ದಳು. ಎಪ್ಪತ್ತರ ಮುದುಕಿ. ನಾನು ಹುಡುಗನಾಗಿದ್ದಾಗಿನಿಂದ ಅವಳು ನಮ್ಮ ಹೊಲದಲ್ಲಿ ಕಳೆ ತೆಗೆಯುವುದನ್ನು ಕಂಡವನು, ಅವಳ ಮನೆಯ ಹೊಸ್ತಿಲು ಕಂಡದ್ದು ಅವತ್ತೇ.

“ಬರ್ರಿ ಸಣ್ಣ ಸಾವಕಾರ್ರ, ಒಳಗ ಬರ್ರಿ. ನಾವು ಮನುಷ್ಯಾರೋ ಅಲ್ಲೋ ಅಂತ ನೋಡಾಕ ಬಂದೀರಂತ.”

ನೆಲ ಸಾರಿಸಿದ ಪಡಸಾಲೆ. ಗೋಡೆಯ ಮೇಲೆ ಬುದ್ಧನ ಪಟ, ಅದರ ಪಕ್ಕ ಮಹಾಲಕ್ಷ್ಮಿಯ ಪದವಿಯ ಪಟ. ಅವಳ ಗಂಡ ಹುಲಿಗೇಶ, ಸಂಘದಲ್ಲಿ ಪುಡಿ ಕುಟ್ಟುವ ನಾಜಮೀನ್, ಅತ್ತೆ, ಸೊಸೆ, ನಾಲ್ಕೂ ಜನ ತಾಟು ಇಟ್ಟುಕೊಂಡು ಕೂತರು. ಬುಟ್ಟಿಯಲ್ಲಿ ರೊಟ್ಟಿ. ನಡುವೆ ಚಟ್ನಿಪುಡಿಯ ಡಬ್ಬಿ. ನಾನು ಗೋಡೆಗೆ ಒರಗಿ ಟ್ಯಾಬು ತೆರೆದು, ಕಾಲಂಗೆ ಬೆರಳಿಟ್ಟು ಸಿದ್ಧನಾದೆ.

ಯಾರೂ ಉಣ್ಣಲಿಲ್ಲ.

“ಸುರು ಮಾಡ್ರಿ,” ಅಂದೆ.

“ನಿಮಗೊಂದು ತಾಟ ಹಾಕ್ತೀನಿ ತಡೀರಿ,” ಅಂದಳು ಮಹಾಲಕ್ಷ್ಮಿ.

“ನನಗ ಬ್ಯಾಡವಾ. ನಾ ನೋಡಿ ಬರದ ಹೊಂಡಾಂವ.”

ಬಸವಣ್ಣೆವ್ವ ರೊಟ್ಟಿಯ ಬುಟ್ಟಿ ಮುಚ್ಚಿದಳು. “ಮನಿಗೆ ಬಂದಾಂವ ಹಸ್ದು ಕುಂತಿರಬೇಕಾದ್ರ ನಾವು ಉಂಡ್ರ ಆ ಕೂಳು ಮೈಗೆ ಹತ್ತೂದಿಲ್ರಿ. ನಮ್ಮನ್ಯಾಗ ಆ ಪದ್ಧತಿ ಇಲ್ಲ. ನಿಮ್ಮನ್ಯಾಗೇನ್ ಐತೇನು?”

ನಮ್ಮ ಮನೆಯಲ್ಲೂ ಇಲ್ಲ. ಅವ್ವ ಬಳೆ ಮಾರುವವಳು ಬಂದರೂ ಉಂಡು ಹೋಗು ಅನ್ನುವವಳು. ಆದರೆ ಇದನ್ನೆಲ್ಲ ಅಲ್ಲಿ ಒಪ್ಪಿಕೊಂಡರೆ ಕೆಲಸ ಕೆಡುತ್ತದೆ.

“ನಂದು ಇವತ್ತ ಉಪವಾಸ ಐತಿ,” ಅಂದೆ.

“ಮುಂಜಾನೆ ಬಸ್ ಸ್ಟ್ಯಾಂಡಿನ್ಯಾಗ ಒಂದ ಪ್ಲೇಟ ಮಿರ್ಚಿ ಭಜಿ ತಿಂದ್ರಲ್ರಿ ಅಣ್ಣಾರ,” ಅಂದಳು ನಾಜಮೀನ್. “ನಾ ಅಲ್ಲೇ ಬಸ್ಸಿಗೆ ನಿಂತಿದ್ದೆ.”

ಹೊಟ್ಟೆ ಸರಿಯಿಲ್ಲ ಅಂದೆ. ಮಿರ್ಚಿ ತಿಂದದ್ದಕ್ಕೆ ಹಂಗಾಗೇತಿ, ಮೊಸರು ಉಂಡರೆ ಸರಿಹೋಗುತ್ತದೆ ಎಂದು ಹುಲಿಗೇಶ ಔಷಧ ಹೇಳಿದ. ಡಾಕ್ಟರು ಮಧ್ಯಾಹ್ನ ಉಣ್ಣಬೇಡ ಅಂದಿದ್ದಾರೆ ಅಂದೆ. ಯಾವ ಡಾಕ್ಟರು ಅಂತ ಕೇಳಿದರು. ಹೀಗೆ ಒಂದು ಗಂಟೆ ಕಳೆಯಿತು. ಹೊರಗಿನ ಊಟ ಬಿಟ್ಟಿದ್ದೇನೆ ಅಂದೆ. ನಾಜಮೀನ್ ಮತ್ತೆ ಮಿರ್ಚಿ ಅನ್ನಲು ಬಾಯಿ ತೆರೆದಳು, ನಾನೇ ಕೈ ಎತ್ತಿದೆ. ಎರಡಾಯಿತು. ಹುಲಿಗೇಶ ಎದ್ದುಹೋಗಿ ಎಮ್ಮೆಗೆ ನೀರು ಕುಡಿಸಿ ಬಂದ. ಎರಡೂವರೆಯಾಯಿತು. ಬಸವಣ್ಣೆವ್ವ ಅಲ್ಲೇ ಸೆರಗು ಹಾಸಿ ಅಡ್ಡಾದಳು. ನಾಲ್ಕು ತಾಟು ಖಾಲಿಯಾಗಿ ಮೇಲೆ ನೋಡುತ್ತ ಕೂತಿದ್ದವು. ಅಂತರರಾಷ್ಟ್ರೀಯ ವ್ಯಾಪಾರದ ಅಂಕಿಸಂಖ್ಯೆ ಯರಗುಪ್ಪಿಯ ಒಂದು ಪಡಸಾಲೆಯಲ್ಲಿ ಹಸಿದು ಕೂತಿತ್ತು.

ಮಹಾಲಕ್ಷ್ಮಿಯ ಫೋನು ರಿಂಗಾಯಿತು. ಗೋವಾದ ಏಜೆಂಟ. ಅವಳು ಹ್ಞಾಂ, ಹ್ಞಾಂ, ಕಳಸ್ತೀನ್ರಿ, ಐದರೊಳಗ ಕಳಸ್ತೀನಿ ಅಂದಳು. ಫೋನು ಇಟ್ಟು ನನ್ನ ಕಡೆ ನೋಡಲಿಲ್ಲ, ಗಡಿಯಾರ ನೋಡಿದಳು. ನಿನ್ನೆ ಆಫೀಸಿನಲ್ಲಿ ಅಷ್ಟು ಮಾತಾಡಿದವಳು ಈಗ ಖಾಲಿ ತಾಟುಗಳನ್ನು ಸರಿಸಿ ಸರಿಸಿ ಇಟ್ಟಳು. ನನಗೆ ನನ್ನ ಮೇಲೆ ಹೇಸಿಗೆ ಬಂತು.

“ಬಸವಣ್ಣೆವ್ವಾ, ನಾ ಮೀನ ತಿನ್ನಂಗಿಲ್ಲ. ಅದಕ್ಕ ಒಲ್ಲೆ ಅನ್ನಾಕತ್ತೇನಿ. ತಪ್ಪ ತಿಳೀಬ್ಯಾಡ,” ಅಂದೆ.

ಮುದುಕಿ ಎದ್ದು ಕೂತಳು. “ಮೀನ ತಿನ್ರಿ ಅಂತ ಯಾರ ಅಂದಾರ? ರೊಟ್ಟಿ ಐತಿ. ಪುಂಡಿಪಲ್ಯ ಐತಿ. ಮೊಸರ ಐತಿ. ನಿಮ್ಮ ಸಂಬಂಧ ಬ್ಯಾರೆ ಒಲಿ ಹೂಡಿ, ಹೊಸಾ ಹಂಚಿಟ್ಟು ಮಾಡ್ಯಾಳ ನನ್ನ ಸೊಸಿ. ಮೀನ ಒಲ್ಲೆ ಅಂದ್ರ ಅದು ನಿಮ್ಮ ಧರ್ಮ, ನಾ ಬ್ಯಾಡನ್ನಂಗಿಲ್ಲ. ರೊಟ್ಟಿ ಒಲ್ಲೆ ಅಂದ್ರ ಅದು ಏನ್ರಿ?”

ನನ್ನ ಬಳಿ ಉತ್ತರ ಇತ್ತು, ಆದರೆ ಬಾಯಿಬಿಟ್ಟು ಹೇಳುವಂಥದ್ದಲ್ಲ.

“ಜ್ವಾಳ ನಿಮ್ಮ ಹೊಲದ್ದ ಐತಿ,” ಅಂದಳು. “ಸುಗ್ಗ್ಯಾಗ ನಿಮ್ಮವ್ವ ಕೂಲಿ ಬದಲಿ ಅಳದ ಕೊಟ್ಟದ್ದು.”

ಇಷ್ಟು ಹೊತ್ತು ಮೀನು ನನಗೆ ಒಳ್ಳೆಯ ಆಸರೆಯಾಗಿತ್ತು. ಸಮುದ್ರದ ಬಡ ಜೀವ, ನನ್ನಂಥವನ ಮಾನ ಮುಚ್ಚಲು ಅಷ್ಟು ದೂರದಿಂದ ಬಂದಿತ್ತು. ಅದನ್ನು ಮುದುಕಿ ಒಂದೇ ಮಾತಿನಲ್ಲಿ ಆಚೆ ಸರಿಸಿಬಿಟ್ಟಳು. ಉಳಿದದ್ದು ನಮ್ಮ ಹೊಲದ ಜೋಳ. ಗಿರಣಿಯ ಆಚೆ ನಮ್ಮ ಮನೆಯಲ್ಲಿ ರೊಟ್ಟಿ ಬಡಿದರೆ ಪ್ರಸಾದ, ಈಚೆ ಬಡಿದರೆ ಮುಟ್ಟಲಾಗದ್ದು. ಅದೇ ಜೋಳ, ಅದೇ ಗಿರಣಿ, ಅದೇ ಹಿಟ್ಟು. ಎರಡು ದಿನದ ತರಬೇತಿಯಲ್ಲಿ ಇದಕ್ಕೆ ಯಾವ ನಂಬರೂ ಹೇಳಿಕೊಟ್ಟಿರಲಿಲ್ಲ, ಆದರೂ ನನಗೆ ಬಾಯಿಪಾಠ ಇತ್ತು.

“ತಾಟ ಹಾಕವಾ,” ಅಂದೆ.

ಮಹಾಲಕ್ಷ್ಮಿ ಹಾಕಿದಳು. ಎರಡು ರೊಟ್ಟಿ, ಪುಂಡಿಪಲ್ಯ, ಉಳ್ಳಾಗಡ್ಡಿ, ಮೊಸರು. ಮೊದಲ ತುತ್ತು ಬಾಯಿಗೆ ಹೋಗುವಾಗ ಏನಾದರೂ ಆಗುತ್ತದೆಂದು ನನ್ನ ಮೈಯೆಲ್ಲ ಕಾಯುತ್ತಿತ್ತು ಎಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಏನೂ ಆಗಲಿಲ್ಲ. ಪುಂಡಿಪಲ್ಯಕ್ಕೆ ಉಪ್ಪು ತುಸು ಜಾಸ್ತಿಯಾಗಿತ್ತು, ನಮ್ಮ ಅವ್ವನ ಕೈಯದೂ ಹಾಗೆಯೇ. ರೊಟ್ಟಿ ಆರಿ ಗಟ್ಟಿಯಾಗಿತ್ತು, ಅದು ನನ್ನದೇ ತಪ್ಪು.

ಆಗ ಅವರೂ ಉಂಡರು. ಎರಡೂವರೆ ಗಂಟೆ ಹಸಿದವರು ಉಣ್ಣುವ ಹಾಗೆ ಉಂಡರು. ಬಸವಣ್ಣೆವ್ವ ಪುಡಿಗೆ ಎಣ್ಣೆ ಕಲಸಿ ರೊಟ್ಟಿಗೆ ಸವರಿ, ಪ್ರತಿ ತುತ್ತಿಗೂ ನನಗೆ ತೋರಿಸಿ, “ಬರಕೋರಿ, ತಿಂದೆ. ಬರಕೋರಿ, ನುಂಗಿದೆ,” ಅನ್ನುತ್ತಿದ್ದಳು. ನಾಜಮೀನ್ ನಗು ತಡೆಯಲಾಗದೆ ನೆತ್ತಿಗೇರಿಸಿಕೊಂಡಳು. ನಾನು ಎಡಗೈಯಲ್ಲಿ ಒತ್ತಿದೆ. ಸೇವಿಸಿದ ಜೀವಿ: ಮನುಷ್ಯ. ಸಂಖ್ಯೆ: ನಾಲ್ಕು. ಸೇವನೆಯ ನಂತರ ಆರೋಗ್ಯ: ಉತ್ತಮ. ಕೊನೆಗೆ ಹಿಂದಿನ ಆ ಪ್ರಶ್ನೆ ಮತ್ತೆ ಬಂತು. ಮನುಷ್ಯರ ಸೇವನೆಗೆ ಯೋಗ್ಯವೇ? ಹೌದು.

ಕೇರಿಯಲ್ಲಿ ಫೋನು ಬರುತ್ತದೆ, ಇಂಟರ್ನೆಟ್ಟು ಸಿಗುವುದಿಲ್ಲ. ಕೈ ತೊಳೆದು ಗಿರಣಿಯ ಕಟ್ಟೆಗೆ ಓಡಿದೆ, ಮಹಾಲಕ್ಷ್ಮಿ ಹಿಂದೆ ಓಡಿಬಂದಳು. ಟ್ಯಾಬಿನ ಮೇಲೆ ಆ ಸಣ್ಣ ಚಕ್ರ ತಿರುಗಿದ್ದೇ ತಿರುಗಿದ್ದು. ನಾಲ್ಕು ಗಂಟೆಗೆ ಐದು ನಿಮಿಷ ಇರುವಾಗ ತಿದ್ದುಪಡಿ ಅಂಗೀಕಾರವಾಗಿದೆ ಎಂದು ಬಂತು. ಅಧ್ಯಾಯ ಹದಿನಾರು. ಅವಳು ಅಲ್ಲೇ ನಿಂತು ಹೊಸ ಪತ್ರ ಗೋವಾಕ್ಕೆ ಕಳಿಸಿದಳು. ಏಜೆಂಟ ಫೋನು ಮಾಡಿ ಜಾಗ ಖಾತ್ರಿ ಅಂದ ಮೇಲೆ ಗಿರಣಿಯ ಗೋಡೆಗೆ ಹಣೆ ಹಚ್ಚಿ ಒಂದು ಗಳಿಗೆ ನಿಂತಳು.

“ಫಾರ್ಮಿನ್ಯಾಗ ನಾಕ ಮಂದಿ ಅಂತ ಬರದ್ರಿ,” ಅಂದಳು ಆಮೇಲೆ. “ಉಂಡಾವ್ರು ಐದ ಮಂದಿ.”

“ನಾ ಮೀನ ತಿಂದಿಲ್ಲಲ್ಲವಾ, ಆ ಲೆಕ್ಕದಾಗ ಬರೂದಿಲ್ಲ.”

“ಬಿಡ್ರಿ. ಈ ಊರಾಗ ಲೆಕ್ಕ ಇಡಾವ್ರು ನೀವೊಬ್ರ ಅಲ್ಲ.”

ನನಗೆ ಆ ಮಾತು ತಿಳಿಯಲು ಮನೆ ಮುಟ್ಟುವಷ್ಟು ಹೊತ್ತು ಸಾಕಾಯಿತು. ಅವ್ವ, ಊಟದ ಡಬ್ಬಿ ಬಿಟ್ಟು ಹೋಗಿದ್ದಿ, ಹಸಿವಾಗಿರಬೇಕು ಎಂದು ತಾಟು ಹಾಕಿದಳು. ಆಫೀಸಿನಲ್ಲಿ ಉಂಡೆ ಎಂಬ ಸುಳ್ಳು ನಾಲಗೆಯ ತುದಿಯಲ್ಲೇ ಇತ್ತು. ಆ ಸುಳ್ಳನ್ನೂ ಹೇಳದೆ, ನಿಜವನ್ನೂ ಹೇಳದೆ, ಸುಮ್ಮನೆ ಎರಡನೇ ಊಟಕ್ಕೆ ಕೂತೆ. ಒಂದೂವರೆ ರೊಟ್ಟಿಗೆ ಹೊಟ್ಟೆ ಬಿರಿಯಿತು.

“ಅವ್ವಾ, ನಾ ಉಂಡ ಬಂದೀನಿ. ಬಸವಣ್ಣೆವ್ವನ ಮನ್ಯಾಗ.”

ಅವ್ವ ನನ್ನ ಮುಖ ನೋಡಿದಳು. ಮೀನು ತಿಂದೆಯಾ ಎಂದು ಕೇಳುತ್ತಾಳೆ ಅಂದುಕೊಂಡೆ. ಕೇಳಲಿಲ್ಲ.

“ಹೊರಗ ಕುಂತು ಉಂಡ್ಯೋ, ಒಳಗ ಕುಂತೋ?”

“ಒಳಗ.”

“ಹ್ಞೂಂ,” ಅಂದು ಎದ್ದು ಹೋದಳು.

ಬೈದಿದ್ದರೆ ಬೈಸಿಕೊಳ್ಳುತ್ತಿದ್ದೆ. ಎದುರು ವಾದ ಮಾಡಲು ವಚನಗಳನ್ನೇ ಸಾಲಾಗಿ ತಯಾರಿಟ್ಟುಕೊಂಡಿದ್ದೆ. ಅವಳು ಬೈಯಲಿಲ್ಲ. ಅವತ್ತೆಲ್ಲ ದೊಡ್ಡ ಸಾಧನೆ ಮಾಡಿದವನಂತೆ ನನ್ನನ್ನು ನಾನೇ ಮೆಚ್ಚಿಕೊಂಡು ಮಲಗಿದೆ.

ಮರುದಿನ ಮುಂಜಾನೆ ಅವ್ವ ಸ್ನಾನ ಮುಗಿಸಿ, ಬಸವಣ್ಣನವರ ಪಟಕ್ಕೆ ಹೂವಿಟ್ಟು, ಎಂದಿನಂತೆ ಎರಡು ವಚನ ಹೇಳಿ, ಚಹಾದ ಪಾತ್ರೆ ಹಿಡಿದು ಬಾಗಿಲಿಗೆ ಬಂದಳು. ನಾನು ಕಣ್ಣುಜ್ಜುತ್ತ ಕಟ್ಟೆಯ ಮೇಲೆ ಕೂತಿದ್ದೆ.

“ಗೂಡಿನ್ಯಾಗಿನ ಗ್ಲಾಸ್ ತಗೋ,” ಅಂದಳು.

ನಿದ್ದೆಗಣ್ಣಿನಲ್ಲಿ ಕೈ ಚಾಚಿ ತೆಗೆದುಕೊಂಡೆ. ಅವಳು ಮೇಲಿನಿಂದ ಹೊಯ್ದಳು. ಪಾತ್ರೆ ಗ್ಲಾಸಿಗೆ ತಾಗಲಿಲ್ಲ. ಆಗ ಎಚ್ಚರವಾಯಿತು. ನಮ್ಮ ಮನೆಯಲ್ಲಿ ನಾವೆಲ್ಲ ಕುಡಿಯುವುದು ಸ್ಟೀಲಿನ ಲೋಟದಲ್ಲಿ. ಹೊರಗೋಡೆಯ ಗೂಡಿನಲ್ಲಿ ಬೋರಲು ಹಾಕಿದ ಗಾಜಿನ ಗ್ಲಾಸು ನಮ್ಮ ಹೊಲದ ಆಳು ಲಕ್ಷ್ಮಣಪ್ಪನದು. ಬಂದಾಗ ತಾನೇ ತೆಗೆದುಕೊಳ್ಳುತ್ತಾನೆ, ಕುಡಿದು ತಾನೇ ತೊಳೆದು ಬೋರಲು ಹಾಕುತ್ತಾನೆ.

“ಎಷ್ಟ ದಿನಾ ಅವ್ವಾ ಇದು?”

“ಅಮಾಸಿ ಮುಗೀಲಿ. ಆಮ್ಯಾಲೆ ನೋಡೂಣು,” ಅಂದು ಒಳಗೆ ಹೋದಳು. ದನಿಯಲ್ಲಿ ಸಿಟ್ಟೇ ಇರಲಿಲ್ಲ. ಕಾಗೆ ಕಪ್ಪು ಎಂದು ಹೇಳುವವರ ನಿರಾಳ ಇತ್ತು.

ನನಗೆ ಮೈಯೆಲ್ಲ ಉರಿದುಹೋಯಿತು. ಹೆತ್ತ ತಾಯಿ ನನ್ನನ್ನು ಒಂದೇ ರಾತ್ರಿಯಲ್ಲಿ ಬೇರೆ ಅಧ್ಯಾಯಕ್ಕೆ ಹಾಕಿದ್ದಳು, ಅದೂ ಒಂದು ಫಾರ್ಮೂ ಇಲ್ಲದೆ. ಗ್ಲಾಸು ಎತ್ತಿ ಅಂಗಳಕ್ಕೆ ಒಗೆಯಬೇಕು ಅನ್ನಿಸಿತು. ಅಷ್ಟರಲ್ಲಿ ಲಕ್ಷ್ಮಣಪ್ಪ ಬಂದ. ರೂಢಿಯಂತೆ ಅವನ ಕೈ ಗೂಡಿಗೆ ಹೋಯಿತು, ಖಾಲಿ ಇತ್ತು. ತಿರುಗಿ ನನ್ನ ಕೈ ನೋಡಿದ. ಅವನೂ ಅದೇ ಕೇರಿಯವನು. ನಿನ್ನೆಯದೆಲ್ಲ ಗೊತ್ತಿತ್ತು, ಇವತ್ತಿನದನ್ನು ಯಾರೂ ಹೇಳಬೇಕಾಗಿರಲಿಲ್ಲ.

“ಸಾವಕಾಶ ಕುಡೀರಿ,” ಅಂದ, ಕಟ್ಟೆಯ ಕೆಳಗೆ ತನ್ನ ಜಾಗದಲ್ಲಿ ಕೂರುತ್ತ. “ನಂದೇನ್ ಗಡಬಡಿ ಇಲ್ಲ.”

ಸಿಟ್ಟಿನಲ್ಲಿ ಒಂದೇ ಗುಟುಕಿಗೆ ಕುಡಿಯಲು ಹೋದೆ. ತುಟಿಗೆ ಚುರಕ್ ಅಂತು. ಬೆರಳು ಮುಟ್ಟಿ ನೋಡಿದರೆ ರಕ್ತ.

“ಆ ಕಡಿಂದ ಕುಡೀಬ್ಯಾಡ್ರಿ, ಅಂಚ ಒಡದೈತಿ. ಹಿಂಗ ತಿರುವಿ ಹಿಡಕೊಂಡ್ರ ಕೊಯ್ಯೂದಿಲ್ಲ,” ಎಂದು ಅವನು ಬರಿಗೈ ತಿರುವಿ ತೋರಿಸಿದ.

“ಯಾವಾಗ ಒಡದದ್ದು ಲಕ್ಷ್ಮಣಪ್ಪಾ?”

“ಹನ್ನೆರಡ ವರ್ಷಾತ್ರಿ.”

“ಹೇಳಬೇಕಿತ್ತಲ್ಲೋ ಮಾರಾಯಾ, ಬ್ಯಾರೆ ತಂದಿಡ್ತಿದ್ವಿ.”

“ಹೇಳಿದ್ದೆ,” ಅಂದ ಲಕ್ಷ್ಮಣಪ್ಪ. “ನಿಮಗ ಹೇಳಿದ್ದೆ.”